ಮಾರ್ಚ್‌ನಲ್ಲಿ ಇಟಲಿ: ಟಿಕೆಟ್ ಮಾಡಿಸುವ ಮುಂಚೆ ಈಸ್ಟರ್ ಯಾವತ್ತು ಅಂತ ನೋಡಿ

ಪ್ರಶ್ನೆ: ನಾನು ಬೆಂಗಳೂರಿನಲ್ಲಿ ಬ್ಯಾಂಕ್ ಉದ್ಯೋಗಿ. 2027ರ ಮಾರ್ಚ್ 22ರಿಂದ 30ರವರೆಗೆ ಇಟಲಿಗೆ ಹೋಗಬೇಕೆಂದಿದ್ದೇವೆ. ನಾನು, ನನ್ನ ಗಂಡ, 13 ವರ್ಷದ ಮಗಳು ಮತ್ತು 66 ವರ್ಷದ ಅತ್ತೆ. ಮಗಳ ಪರೀಕ್ಷೆ ಮಾರ್ಚ್ 18ಕ್ಕೆ ಮುಗಿಯುತ್ತದೆ. ಯುಗಾದಿಗೆ ಮನೆಯಲ್ಲಿರಲೇಬೇಕು. ಮಾರ್ಚ್ ಆಫ್ ಸೀಸನ್, ಜನ ಇರಲ್ಲ, ಎಲ್ಲ ಅಗ್ಗ ಎಂದು ಒಬ್ಬರು ಹೇಳುತ್ತಾರೆ. ಚಳಿಗೆ ಅತ್ತೆ ತಡೆದುಕೊಳ್ಳಲ್ಲ ಎಂದು ಇನ್ನೊಬ್ಬರು ಹೆದರಿಸುತ್ತಾರೆ. ಏಜೆಂಟ್ ಒಬ್ಬರು ರೋಮ್, ಫ್ಲಾರೆನ್ಸ್, ಪೀಸಾ, ವೆನಿಸ್, ಮಿಲಾನ್ ಐದನ್ನೂ ಎಂಟು ರಾತ್ರಿಯಲ್ಲಿ ತೋರಿಸುತ್ತೇನೆ ಎನ್ನುತ್ತಾರೆ. ಅತ್ತೆಗೆ ಮಂಡಿ ನೋವು, ಮೊಟ್ಟೆಯನ್ನೂ ತಿನ್ನುವುದಿಲ್ಲ. ಜೇಬುಗಳ್ಳರ ಭಯ ಬೇರೆ. ಎಲ್ಲಿಂದ ಶುರು ಮಾಡಲಿ?

ಉತ್ತರ: ತಾರೀಖಿನಿಂದ ಶುರು ಮಾಡಿ. ನೀವು ಚಳಿ, ಊಟ, ಕಳ್ಳರು ಎಲ್ಲದರ ಬಗ್ಗೆ ಕೇಳಿದ್ದೀರಿ. ಆದರೆ ನಿಮ್ಮ ಪ್ರವಾಸದ ಮೇಲೆ ಎಲ್ಲಕ್ಕಿಂತ ಜಾಸ್ತಿ ಪರಿಣಾಮ ಬೀರುವ ವಿಷಯ ಪತ್ರದಲ್ಲೇ ಇಲ್ಲ. 2027ರಲ್ಲಿ ಈಸ್ಟರ್ ಭಾನುವಾರ ಬರುವುದು ಮಾರ್ಚ್ 28ಕ್ಕೆ. ನೀವು ಆರಿಸಿರುವ ಒಂಬತ್ತು ದಿನ ಸರಿಯಾಗಿ ಆ ವಾರದ ಮೇಲೇ ಕುಳಿತಿದೆ.

ನಮ್ಮ ಯುಗಾದಿ ಹೇಗೆ ವರ್ಷ ವರ್ಷ ಹಿಂದೆ ಮುಂದೆ ಆಗುತ್ತದೋ ಈಸ್ಟರ್ ಕೂಡ ಹಾಗೇ. ಅದೂ ಚಂದ್ರನನ್ನು ನೋಡಿ ಬರುವ ಹಬ್ಬ. ಮಾರ್ಚ್ 21 ಅಥವಾ ಆಮೇಲಿನ ಮೊದಲ ಹುಣ್ಣಿಮೆ ಕಳೆದು ಬರುವ ಭಾನುವಾರವೇ ಈಸ್ಟರ್. 2025ರಲ್ಲಿ ಅದು ಏಪ್ರಿಲ್ 20ಕ್ಕಿತ್ತು. 2026ರಲ್ಲಿ ಏಪ್ರಿಲ್ 5. 2027ರಲ್ಲಿ ಮಾರ್ಚ್ 22ಕ್ಕೆ ಹುಣ್ಣಿಮೆ, ಹಾಗಾಗಿ 28ಕ್ಕೇ ಹಬ್ಬ. "ಮಾರ್ಚ್ ಆಫ್ ಸೀಸನ್" ಎಂದು ನಿಮಗೆ ಹೇಳಿದವರು ಸುಳ್ಳು ಹೇಳಿಲ್ಲ. ಈಸ್ಟರ್ ಏಪ್ರಿಲ್ ಕೊನೆಗೆ ಬಂದ ವರ್ಷ ಅವರು ಹೋಗಿ ಬಂದಿರಬೇಕು. ಆ ವರ್ಷ ಮಾರ್ಚ್ ಪೂರ್ತಿ ನಿಜವಾಗಿಯೂ ಆರಾಮಾಗಿರುತ್ತದೆ. ಈಸ್ಟರ್ ಬೇಗ ಬಂದ ವರ್ಷ ತಿಂಗಳ ಮೊದಲರ್ಧ ಮಾತ್ರ ಹಾಗೆ.

ಆ ವಾರ ರೋಮ್‌ನಲ್ಲಿ ಏನಾಗುತ್ತದೆ? ಮಾರ್ಚ್ 21 ಗರಿಗಳ ಭಾನುವಾರ. ಅವತ್ತು ಸೇಂಟ್ ಪೀಟರ್ಸ್ ಚೌಕದಲ್ಲಿ ಪೋಪ್ ನಡೆಸುವ ಪೂಜೆಗೆ ಸಾವಿರಾರು ಜನ ಆಲಿವ್ ರೆಂಬೆ ಹಿಡಿದು ಬರುತ್ತಾರೆ. ಇಟಲಿಯ ಶಾಲೆಗಳಿಗೆ ಸಾಮಾನ್ಯವಾಗಿ ಗುರುವಾರದಿಂದ ರಜೆ. ಶುಭ ಶುಕ್ರವಾರ ರಾತ್ರಿ ಕೊಲೋಸಿಯಮ್ ಎದುರು ಶಿಲುಬೆಯ ಹಾದಿಯ ಪ್ರಾರ್ಥನೆ ಇರುತ್ತದೆ, ಅದಕ್ಕಾಗಿ ಆ ಸುತ್ತಿನ ರಸ್ತೆಗಳನ್ನು ಮುಚ್ಚುತ್ತಾರೆ. ಈಸ್ಟರ್ ಮರುದಿನ ಸೋಮವಾರವೂ ಸರ್ಕಾರಿ ರಜೆ. ಅದಕ್ಕೆ ಅವರು ಪಾಸ್ಕ್ವೆತ್ತಾ ಎನ್ನುತ್ತಾರೆ. ಮನೆಮಂದಿಯೆಲ್ಲ ಬುತ್ತಿ ಕಟ್ಟಿಕೊಂಡು ಊರಾಚೆ ಹೋಗುವ ದಿನ ಅದು. ವ್ಯಾಟಿಕನ್ ಮ್ಯೂಸಿಯಂ ಈಸ್ಟರ್ ಭಾನುವಾರವೂ ಇಲ್ಲ, ಸೋಮವಾರವೂ ಇಲ್ಲ. ತಿಂಗಳ ಕೊನೆಯ ಭಾನುವಾರ ಅಲ್ಲಿ ಪ್ರವೇಶ ಉಚಿತ ಎಂದು ನೀವು ಎಲ್ಲೋ ಓದಿರಬಹುದು. ಆ ಭಾನುವಾರ ಈಸ್ಟರ್ ಬಂದರೆ ಅದೂ ಇಲ್ಲ. ಇದರ ಜೊತೆಗೆ ಇನ್ನೊಂದು. ಮಾರ್ಚ್‌ನ ಕೊನೆಯ ಭಾನುವಾರ ಬೆಳಗಿನ ಜಾವ ಯುರೋಪಿನಲ್ಲಿ ಗಡಿಯಾರ ಒಂದು ಗಂಟೆ ಮುಂದಕ್ಕೆ ಹೋಗುತ್ತದೆ. 2027ರಲ್ಲಿ ಅದೂ ಅದೇ 28ಕ್ಕೆ. ಮೊಬೈಲ್ ತಾನೇ ಸರಿ ಮಾಡಿಕೊಳ್ಳುತ್ತದೆ, ಕೈಗಡಿಯಾರ ಮಾಡಿಕೊಳ್ಳುವುದಿಲ್ಲ. ಅವತ್ತು ಬೆಳಿಗ್ಗೆ ರೈಲು ತಪ್ಪಿಸಿಕೊಂಡು ಪ್ಲಾಟ್‌ಫಾರ್ಮಿನಲ್ಲಿ ಕೂತವರನ್ನು ನಾನೇ ನೋಡಿದ್ದೇನೆ.

ಹಬ್ಬ ನೋಡಲೆಂದೇ ಹೋಗುವವರಿಗೆ ಇದು ಅಪರೂಪದ ವಾರ. ಹೋಟೆಲಿಗೆ ಜಾಸ್ತಿ ಕೊಟ್ಟರೂ ಸಾರ್ಥಕ. ನೀವು ಕೇಳುತ್ತಿರುವುದು ಕಡಿಮೆ ಜನ, ಕಡಿಮೆ ಖರ್ಚು, ಅತ್ತೆಗೆ ಕಡಿಮೆ ಆಯಾಸ. ಅದಕ್ಕೆ ಈ ವಾರ ಒಗ್ಗುವುದಿಲ್ಲ.

ನಿಮಗೆ ಮೂರು ದಾರಿಗಳಿವೆ. ನಾನಾಗಿದ್ದರೆ ಮೊದಲನೆಯದನ್ನು ಹಿಡಿಯುತ್ತೇನೆ. ಮಗಳ ಪರೀಕ್ಷೆ 18ಕ್ಕೆ ಮುಗಿಯುತ್ತದಲ್ಲ, 19ರ ರಾತ್ರಿಯೇ ಹೊರಡಿ. 20ರ ಶನಿವಾರ ರೋಮ್ ತಲುಪಿ. ನಾಲ್ಕು ರಾತ್ರಿ ಅಲ್ಲಿದ್ದು, ಹಬ್ಬದ ನೂಕುನುಗ್ಗಲು ಏರುವ ಮುಂಚೆ 24ರ ಬುಧವಾರ ಊರು ಬಿಡಿ. ಉಳಿದ ಮೂರು ರಾತ್ರಿ ಬೊಲೊನ್ಯಾದಲ್ಲಿ. 27ರ ಶನಿವಾರ ಅಲ್ಲಿಂದಲೇ ವಾಪಸ್. ಹೋಗುವುದು ಒಂದು ಊರಿಗೆ, ಬರುವುದು ಇನ್ನೊಂದು ಊರಿಂದ. ಇಂಥ ಟಿಕೆಟ್ ಕೇಳಿ ಮಾಡಿಸಿಕೊಳ್ಳಬೇಕು. ಬರೀ ರೋಮ್‌ಗೆ ಹೋಗಿಬರುವ ಟಿಕೆಟ್‌ಗಿಂತ ಸ್ವಲ್ಪ ಹೆಚ್ಚಾದರೂ ಪರವಾಗಿಲ್ಲ, ಮತ್ತೆ ರೋಮ್‌ಗೆ ಓಡಿಬರುವ ಅರ್ಧ ದಿನ ಉಳಿಯುತ್ತದೆ.

ಬೊಲೊನ್ಯಾ ಅಂದಾಗ ಹೆಚ್ಚಿನವರು ಹುಬ್ಬೇರಿಸುತ್ತಾರೆ. ನಿಮ್ಮ ಪಟ್ಟಿಯಲ್ಲೂ ಇಲ್ಲ. ಆದರೆ ಮಾರ್ಚ್‌ನಲ್ಲಿ, ಮಂಡಿ ನೋವಿರುವ ಹಿರಿಯರ ಜೊತೆ ಹೋಗುವವರಿಗೆ ಅದಕ್ಕಿಂತ ಒಳ್ಳೆಯ ತಂಗುದಾಣ ನನಗೆ ಗೊತ್ತಿಲ್ಲ. ಹಳೇ ಊರಿನ ಹೆಚ್ಚಿನ ಫುಟ್‌ಪಾತುಗಳಿಗೆ ಸೂರಿದೆ. ಕಟ್ಟಡಗಳ ಮೇಲ್ಮಹಡಿ ಬೀದಿಯ ಕಡೆಗೆ ಚಾಚಿ, ಕೆಳಗೆ ಕಂಬ ಕಮಾನುಗಳ ಸಾಲು. ನಮ್ಮ ಹಳೇ ಮನೆಗಳ ಮುಂದಿನ ಪಡಸಾಲೆಯನ್ನು ಒಂದಕ್ಕೊಂದು ಜೋಡಿಸಿ ಊರೆಲ್ಲ ಹರಿಸಿದ ಹಾಗೆ. ಎಲ್ಲ ಸೇರಿಸಿದರೆ ಸುಮಾರು 62 ಕಿಲೋಮೀಟರ್. 2021ರಲ್ಲಿ ಯುನೆಸ್ಕೊ ಇವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಮಳೆ ಹುಯ್ಯುತ್ತಿದ್ದರೂ ಛತ್ರಿ ಬಿಚ್ಚದೆ, ಸಮತಟ್ಟಾದ ನೆಲದ ಮೇಲೆ, ಬೇಕಾದಾಗ ಕಟ್ಟೆಯ ಮೇಲೆ ಕೂತು ಎದ್ದು ನಡೆಯಬಹುದು. ಅಲ್ಲಿಂದ ಫ್ಲಾರೆನ್ಸ್‌ಗೆ ವೇಗದ ರೈಲಿನಲ್ಲಿ 40 ನಿಮಿಷವೂ ಬೇಡ. ವೆನಿಸ್‌ಗೆ ಒಂದೂವರೆ ಗಂಟೆ. ಅಂದರೆ ಪೆಟ್ಟಿಗೆ ಬಿಚ್ಚುವುದು ಎರಡೇ ಕಡೆ, ಊರು ನೋಡುವುದು ನಾಲ್ಕು.

ಇದರಲ್ಲೂ ಒಂದು ಅಪಾಯವಿದೆ. ಬೊಲೊನ್ಯಾ ಮೇಳಗಳ ಊರು. ಕಾಸ್ಮೊಪ್ರೊಫ್ ಎಂಬ ಸೌಂದರ್ಯವರ್ಧಕಗಳ ದೊಡ್ಡ ಮೇಳ ಸಾಮಾನ್ಯವಾಗಿ ಮಾರ್ಚ್‌ನಲ್ಲೇ ನಡೆಯುತ್ತದೆ. ಆ ದಿನಗಳಲ್ಲಿ ಹೋಟೆಲ್ ದರ ಎರಡು ಪಟ್ಟು ಆಗುವುದೂ ಉಂಟು. ಬುಕ್ ಮಾಡುವ ಮುಂಚೆ ಮೇಳದ ತಾರೀಖು ನೋಡಿ. ಡಿಕ್ಕಿ ಹೊಡೆದರೆ ಬೊಲೊನ್ಯಾ ಬಿಟ್ಟು ಫ್ಲಾರೆನ್ಸ್‌ನಲ್ಲೇ ಉಳಿಯಿರಿ.

ಎರಡನೇ ದಾರಿ, ಈಸ್ಟರ್ ಮುಗಿಸಿ ಹೋಗುವುದು. 30ರ ರಾತ್ರಿ ಹೊರಟು ಏಪ್ರಿಲ್ 6ಕ್ಕೆ ಮನೆ. ಹವೆ ಇನ್ನೂ ಚೆನ್ನಾಗಿರುತ್ತದೆ. ಗಡಿಯಾರ ಬದಲಾಗಿರುವುದರಿಂದ ಸಂಜೆ ಏಳೂವರೆವರೆಗೂ ಬೆಳಕಿರುತ್ತದೆ. ಆದರೆ ಯುಗಾದಿ ಏಪ್ರಿಲ್ 7ಕ್ಕೆ. ವಿಮಾನ ಒಂದು ದಿನ ತಡವಾದರೆ ಬೇವು ಬೆಲ್ಲ ನಡುದಾರಿಯ ವಿಮಾನ ನಿಲ್ದಾಣದಲ್ಲೇ. ಸಿಗುವುದೂ ಐದೇ ರಾತ್ರಿ. ಇದನ್ನು ಆರಿಸಿದರೆ ರೋಮ್ ಒಂದೇ ಸಾಕು.

ಮೂರನೆಯದು, ಈಗಿರುವ ತಾರೀಖನ್ನೇ ಇಟ್ಟುಕೊಳ್ಳುವುದು. ರಜೆ ಮಂಜೂರಾಗಿಬಿಟ್ಟಿದೆ, ಬದಲಿಸಲಾಗುವುದಿಲ್ಲ ಎಂದಾದರೆ ಮಾತ್ರ. ಆಗ ರೋಮ್ ಅನ್ನು ಮೊದಲು ಮುಗಿಸಿ, ಗುರುವಾರದೊಳಗೆ ಬಿಟ್ಟುಬಿಡಿ. ಈಸ್ಟರ್ ಭಾನುವಾರ ಫ್ಲಾರೆನ್ಸ್‌ನಲ್ಲಿದ್ದರೆ ದೊಡ್ಡ ಚರ್ಚಿನ ಮುಂದೆ ಎತ್ತುಗಳು ಎಳೆದು ತರುವ ಪಟಾಕಿ ರಥ ಸಿಡಿಯುವುದನ್ನು ನೋಡಬಹುದು, ಮಗಳಿಗೆ ಖುಷಿಯಾಗುತ್ತದೆ. ಹೋಟೆಲ್ ಮಾತ್ರ ಆರು ತಿಂಗಳ ಮೊದಲೇ ಹಿಡಿಯಬೇಕು.

ಏಜೆಂಟರ ಐದು ಊರಿನ ಯೋಜನೆಗೆ ಬರೋಣ. ಅವರು ರೈಲಿನ ಸಮಯವನ್ನಷ್ಟೇ ಲೆಕ್ಕ ಹಾಕುತ್ತಾರೆ. ರೋಮ್‌ನಿಂದ ಫ್ಲಾರೆನ್ಸ್‌ಗೆ ಒಂದೂವರೆ ಗಂಟೆ, ನಿಜ. ಆದರೆ ಬೆಳಿಗ್ಗೆ ಪೆಟ್ಟಿಗೆ ತುಂಬಿ, ಹತ್ತು ಹನ್ನೊಂದಕ್ಕೆ ರೂಮ್ ಖಾಲಿ ಮಾಡಿ, ಸ್ಟೇಷನ್ನಿಗೆ ಹೋಗಿ, ಇಳಿದು, ಹೊಸ ಹೋಟೆಲ್ ಹುಡುಕಿದರೆ ಅಲ್ಲಿ ರೂಮ್ ಕೊಡುವುದು ಮಧ್ಯಾಹ್ನ ಮೂರಕ್ಕೆ. ಒಂದೊಂದು ಸಲ ಊರು ಬದಲಿಸಿದಾಗಲೂ ಅರ್ಧ ದಿನ ಹೋಗುತ್ತದೆ. ನಾಲ್ಕು ಸಲ ಬದಲಿಸಿದರೆ ಎರಡು ದಿನ. ಬಂದಿಳಿದ ದಿನ ನಿದ್ದೆ ಇರುವುದಿಲ್ಲ, ಅದನ್ನೂ ಕಳೆಯಿರಿ. ಉಳಿಯುವುದು ಐದು ದಿನ, ಐದು ಊರು. ಅದರಲ್ಲಿ ಅತ್ತೆಯವರು ನೋಡುವುದು ಹೆಚ್ಚಾಗಿ ಸ್ಟೇಷನ್ನುಗಳನ್ನೇ. ಶುರುವಿನ ವರ್ಷಗಳಲ್ಲಿ ಇಂಥ ಯೋಜನೆಗಳನ್ನು ನಾನೂ ಮಾಡಿಕೊಟ್ಟಿದ್ದೇನೆ. ವಾಪಸ್ ಬಂದವರು ಫೋಟೋ ತೋರಿಸುತ್ತ "ಇದು ಯಾವ ಊರು, ನೆನಪಾಗ್ತಿಲ್ಲ" ಎಂದಾಗ ನನಗೇ ಬೇಜಾರಾಯಿತು. ಆಮೇಲೆ ಮಾಡಿಕೊಡುವುದನ್ನು ನಿಲ್ಲಿಸಿದೆ. ಮಿಲಾನ್ ಮತ್ತು ಪೀಸಾವನ್ನು ಈ ಸಲ ಬಿಡಿ.

ಈಗ ಚಳಿ. ಹಿಮ ಬೀಳುವ ಚಳಿ ಅಲ್ಲ, ಬೆಂಗಳೂರಿನ ಚಳಿಯೂ ಅಲ್ಲ. ಮಾರ್ಚ್‌ನಲ್ಲಿ ರೋಮ್‌ನ ಮಧ್ಯಾಹ್ನ ಸುಮಾರು 16 ಡಿಗ್ರಿ, ಬೆಳಗಿನ ಜಾವ 6 ಡಿಗ್ರಿ. ವೆನಿಸ್ ಅದಕ್ಕಿಂತ ಎರಡು ಮೂರು ಡಿಗ್ರಿ ತಣ್ಣಗೆ, ತೇವ ಬೇರೆ. ಉತ್ತರದಿಂದ ತ್ರಾಮೊಂತಾನಾ ಎಂಬ ಗಾಳಿ ಬೀಸಿದರೆ ಆಕಾಶ ಕನ್ನಡಿಯ ಹಾಗೆ ಸ್ವಚ್ಛ, ಆದರೆ ಕಿವಿ ಕೊರೆಯುತ್ತದೆ. ದಕ್ಷಿಣದಿಂದ ಶಿರೊಕ್ಕೊ ಬೀಸಿದರೆ ಬೆಚ್ಚಗೆ, ಮೋಡ, ಮಳೆ. ಆ ಗಾಳಿ ಸಹಾರಾದಿಂದ ಬರುವುದರಿಂದ ಕೆಲವು ಸಲ ಕಾರುಗಳ ಮೇಲೆ ಕೆಂಪು ದೂಳಿನ ಚುಕ್ಕೆ ಬಿಟ್ಟು ಹೋಗುತ್ತದೆ. ಎರಡೂ ಒಂದೇ ವಾರದಲ್ಲಿ ಬರಬಹುದು. ಇಟಲಿಯವರಲ್ಲೇ ಒಂದು ಗಾದೆ ಇದೆ. ಮಾರ್ಚ್ ಹುಚ್ಚು ತಿಂಗಳು, ಬಿಸಿಲು ನೋಡು, ಛತ್ರಿ ಹಿಡಿ ಎಂದು.

ನನ್ನ ಅನುಭವದಲ್ಲಿ ಹಿರಿಯರಿಗೆ ತೊಂದರೆ ಕೊಡುವುದು ಬೀದಿಯ ಚಳಿಗಿಂತ ಮನೆಯೊಳಗಿನ ಚಳಿ. ಇದನ್ನು ಯಾರೂ ಮೊದಲೇ ಹೇಳುವುದಿಲ್ಲ. ಇಟಲಿಯಲ್ಲಿ ಮನೆ ಬಿಸಿ ಮಾಡುವ ಯಂತ್ರವನ್ನು ಯಾವ ತಾರೀಖಿನಿಂದ ಯಾವ ತಾರೀಖಿನವರೆಗೆ, ದಿನಕ್ಕೆ ಎಷ್ಟು ಗಂಟೆ ಓಡಿಸಬಹುದು ಎಂದು ಕಾನೂನೇ ಇದೆ. ರೋಮ್, ಫ್ಲಾರೆನ್ಸ್‌ಗಳಲ್ಲಿ ನವೆಂಬರ್ 1ರಿಂದ ಏಪ್ರಿಲ್ 15ರವರೆಗೆ, ದಿನಕ್ಕೆ 12 ಗಂಟೆ. ಬೊಲೊನ್ಯಾ, ವೆನಿಸ್‌ನಲ್ಲಿ 14 ಗಂಟೆ. ನೇಪಲ್ಸ್‌ನಲ್ಲಿ ಮಾರ್ಚ್ 31ಕ್ಕೇ ಮುಗಿಯುತ್ತದೆ. ಇಡೀ ಕಟ್ಟಡಕ್ಕೆ ಒಂದೇ ಬಾಯ್ಲರ್ ಇರುವ ಹಳೇ ಕಡೆಗಳಲ್ಲಿ ನಡುರಾತ್ರಿ ಅದು ಆರಿರುತ್ತದೆ. ಒಮ್ಮೆ ಫ್ಲಾರೆನ್ಸ್‌ನಲ್ಲಿ ಒಂದು ಬಾಡಿಗೆ ಮನೆಯಲ್ಲಿ ದಾವಣಗೆರೆಯ ದಂಪತಿಯನ್ನು ಉಳಿಸಿದ್ದೆ. ಚಿತ್ರದಂಥ ಮನೆ, ಎತ್ತರದ ಸೂರು, ಕಲ್ಲಿನ ನೆಲ. ರಾತ್ರಿ ಹತ್ತಕ್ಕೆ ಗೋಡೆಯ ರೇಡಿಯೇಟರ್ ಆರಿತು. ಬೆಳಿಗ್ಗೆ ಹೋಗಿ ನೋಡಿದರೆ ಅಜ್ಜಿ ಎರಡು ಶಾಲು ಹೊದ್ದು, ಬಿಸಿನೀರಿನ ಫ್ಲಾಸ್ಕನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದರು. ಒಂದು ಮಾತೂ ಬೈಯಲಿಲ್ಲ. ಅದೇ ನನಗೆ ಇನ್ನೂ ಕಾಡುತ್ತದೆ. ಅವತ್ತಿನಿಂದ ಹಿರಿಯರಿದ್ದರೆ ಬಾಡಿಗೆ ಮನೆ ಬೇಡ, ಹೋಟೆಲೇ ಇರಲಿ ಎನ್ನುತ್ತೇನೆ. ಬುಕ್ ಮಾಡುವಾಗ ಎರಡೇ ಪ್ರಶ್ನೆ ಬರೆದು ಕಳಿಸಿ: ರೂಮಿನ ಬಿಸಿಯನ್ನು ನಾವೇ ಹೆಚ್ಚು ಕಡಿಮೆ ಮಾಡಬಹುದಾ? ಲಿಫ್ಟ್ ಬೀದಿ ಮಟ್ಟದಿಂದಲೇ ಇದೆಯಾ? ಹಳೇ ಕಟ್ಟಡಗಳಲ್ಲಿ ಅರ್ಧ ಮಹಡಿ ಹತ್ತಿದ ಮೇಲೆ ಲಿಫ್ಟ್ ಶುರುವಾಗುತ್ತದೆ.

ಬಟ್ಟೆಯ ವಿಷಯದಲ್ಲಿ ದಪ್ಪನೆಯ ಒಂದು ಕೋಟಿಗಿಂತ ತೆಳ್ಳನೆಯ ಮೂರು ಪದರ ವಾಸಿ. ಅತ್ತೆಯವರು ಸೀರೆ ಉಡುವವರಾದರೆ ಒಳಗೆ ಥರ್ಮಲ್ ಪ್ಯಾಂಟ್, ಕಾಲುಚೀಲ, ರಬ್ಬರ್ ಅಟ್ಟೆಯ ಶೂ ಹಾಕಿಸಿ. ಸೀರೆಯನ್ನು ಒಂದು ಗೇಣು ಮೇಲೆ ಉಡಲಿ. ರೋಮ್‌ನ ಬೀದಿಗಳಿಗೆ ಹಾಸಿರುವ ಕರಿಕಲ್ಲು ಮಳೆಗೆ ಜಾರುತ್ತದೆ, ನಡುವಿನ ಸಂದಿನಲ್ಲಿ ನೀರು ನಿಲ್ಲುತ್ತದೆ. ಒದ್ದೆ ಅಂಚು ದಿನವಿಡೀ ಕಾಲಿಗೆ ತಾಗುತ್ತಿದ್ದರೆ ಎಂಥವರಿಗೂ ಚಳಿ ಹತ್ತುತ್ತದೆ.

ಮಳೆ ಬಂದರೆ ದಿನ ಹಾಳಾಯಿತು ಅಂದುಕೊಳ್ಳಬೇಡಿ. ರೋಮ್‌ನ ಪ್ಯಾಂಥಿಯನ್ ಎಂಬ ಹಳೇ ದೇವಾಲಯ ನೋಡಲು ಮಳೆಯೇ ಒಳ್ಳೆಯದು. ಅದರ ಗುಮ್ಮಟದ ನೆತ್ತಿಯಲ್ಲಿ ಸುಮಾರು 9 ಮೀಟರ್ ಅಗಲದ ಗುಂಡನೆಯ ಬಾಯಿ ಇದೆ. ಗಾಜಿಲ್ಲ, ಮುಚ್ಚಳವಿಲ್ಲ. ಮಳೆ ನೇರ ಒಳಗೇ ಬೀಳುತ್ತದೆ. 43 ಮೀಟರ್ ಎತ್ತರದಿಂದ ಇಳಿಯುವಷ್ಟರಲ್ಲಿ ಹನಿಗಳು ಚದುರಿ, ಬೆಳಕಿನ ಕಂಬದೊಳಗೆ ಬೆಳ್ಳಿ ಪುಡಿ ಉದುರಿದ ಹಾಗೆ ಕಾಣುತ್ತದೆ. ಕೆಳಗೆ ಆ ಜಾಗಕ್ಕೆ ಹಗ್ಗ ಕಟ್ಟಿರುತ್ತಾರೆ. ನೆಲ ನಡುವೆ ಚೂರು ಉಬ್ಬಿದೆ, ಅಮೃತಶಿಲೆಯಲ್ಲಿ ಕೊರೆದ ಸಣ್ಣ ತೂತುಗಳಿಂದ ನೀರು ಸದ್ದಿಲ್ಲದೆ ಇಳಿದುಹೋಗುತ್ತದೆ. ಸುಮಾರು 1900 ವರ್ಷದಿಂದ ಹೀಗೇ ನಡೆದಿದೆ. ನಮ್ಮ ತೊಟ್ಟಿ ಮನೆಯ ಅಂಗಳದಲ್ಲಿ ಮಳೆ ನೋಡಿ ಬೆಳೆದವರು ಅಲ್ಲಿಂದ ಬೇಗ ಹೊರಡುವುದಿಲ್ಲ. 21ರ ಭಾನುವಾರ ಮಧ್ಯಾಹ್ನಕ್ಕೆ ಇದನ್ನಿಟ್ಟುಕೊಳ್ಳಿ. ಅವತ್ತು ವ್ಯಾಟಿಕನ್ ಕಡೆ ಸುಳಿಯಬೇಡಿ.

ಊಟ. "ಇಟಲಿಯಲ್ಲಿ ಪಾಸ್ತಾ, ಪಿಜ್ಜಾ ಇದೆಯಲ್ಲ, ಸಸ್ಯಾಹಾರಿಗಳಿಗೆ ಏನೂ ತೊಂದರೆ ಇಲ್ಲ" ಎನ್ನುವುದು ಅರ್ಧ ಸತ್ಯ. ಮೊಟ್ಟೆ ತಿನ್ನದವರಿಗೆ ಕಾಲು ಸತ್ಯ. ಪೊಟ್ಟಣದಲ್ಲಿ ಸಿಗುವ ಒಣ ಪಾಸ್ತಾದಲ್ಲಿ ಸಾಮಾನ್ಯವಾಗಿ ಗೋಧಿ ಮತ್ತು ನೀರು ಮಾತ್ರ. ಹೋಟೆಲಿನವರು ಹೆಮ್ಮೆಯಿಂದ "ತಾಜಾ, ಕೈಯಲ್ಲೇ ಮಾಡಿದ್ದು" ಎನ್ನುವ ಪಾಸ್ತಾದಲ್ಲಿ ಹೆಚ್ಚಾಗಿ ಮೊಟ್ಟೆ ಇರುತ್ತದೆ. ಬೊಲೊನ್ಯಾ ಇದಕ್ಕೇ ಹೆಸರುವಾಸಿ, ಅಲ್ಲಿ ಹುಷಾರು. ಅಲ್ಲಿ ಪಿಯಾದೀನಾ ಎಂಬ ರೊಟ್ಟಿ ನೋಡಿದರೆ ಅಪ್ಪಟ ನಮ್ಮ ಚಪಾತಿ ಅನ್ನಿಸುತ್ತದೆ, ಅದರ ಹಿಟ್ಟಿಗೆ ಹಂದಿ ಕೊಬ್ಬು ಹಾಕುವುದು ರೂಢಿ. ಎಣ್ಣೆಯಲ್ಲಿ ಮಾಡಿದ್ದೂ ಸಿಗುತ್ತದೆ, ಕೇಳಿ ತಗೊಳ್ಳಿ. ತರಕಾರಿ ಸೂಪು, ರಿಸೊತ್ತೊ ಅನ್ನಕ್ಕೆ ಮಾಂಸ ಬೇಯಿಸಿದ ನೀರು ಹಾಕಿರಬಹುದು. ರೋಮ್‌ನಲ್ಲಿ ಈ ಕಾಲಕ್ಕೆ ಸಿಗುವ ಪುಂತಾರೆಲ್ಲೆ ಎಂಬ ಸೊಪ್ಪಿನ ಸಲಾಡಿನಲ್ಲಿ ಅರೆದ ಮೀನು ಇರುತ್ತದೆ, ಕಣ್ಣಿಗೆ ಕಾಣುವುದಿಲ್ಲ. ಪಾರ್ಮೆಜಾನ್, ಪೆಕೊರೀನೊ ಚೀಸ್‌ಗಳಿಗೆ ಹಾಲು ಒಡೆಸಲು ಕರು, ಕುರಿಮರಿಗಳ ಹೊಟ್ಟೆಯಿಂದ ತೆಗೆದ ಕಿಣ್ವ ಬಳಸುತ್ತಾರೆ. ಇದನ್ನು ಅತ್ತೆಯವರಿಗೆ ಮೊದಲೇ ಹೇಳಿ, ನಿರ್ಧಾರ ಅವರದ್ದೇ ಇರಲಿ. ತಿಂದಾದ ಮೇಲೆ ತಿಳಿದರೆ ತುಂಬಾ ನೋಯುತ್ತಾರೆ.

ಹಾಗಾದರೆ ಏನು ತಿನ್ನಬಹುದು? ಪಿಜ್ಜಾ ಮರಿನಾರಾ: ಟೊಮೆಟೊ, ಬೆಳ್ಳುಳ್ಳಿ, ಓರೆಗಾನೊ, ಎಣ್ಣೆ ಅಷ್ಟೇ, ಚೀಸ್ ಇಲ್ಲ. ಬೆಳ್ಳುಳ್ಳಿ ಎಣ್ಣೆ ಹಾಕಿದ ಸ್ಪಗೆಟ್ಟಿ. ಮತ್ತೆ ಮಾರ್ಚ್‌ನಲ್ಲಿ ರೋಮ್‌ಗೆ ಹೋದವರು ಬಿಡಲೇಬಾರದ್ದು ಕಾರ್ಚೊಫಿ, ಅಂದರೆ ಆರ್ಟಿಚೋಕ್. ನೋಡಲು ಬಿರಿಯದ ತಾವರೆ ಮೊಗ್ಗಿನ ಹಾಗೆ. ಮಾರುಕಟ್ಟೆಯಲ್ಲಿ ಹೆಂಗಸರು ಗಿಡ್ಡ ಚಾಕು ಹಿಡಿದು, ಮೊಗ್ಗನ್ನು ಎಡಗೈಯಲ್ಲಿ ತಿರುಗಿಸುತ್ತ, ಗಟ್ಟಿ ಎಸಳು ಸುಲಿದು ನಿಂಬೆ ನೀರಿನ ಬಕೆಟ್ಟಿಗೆ ಹಾಕುತ್ತಿರುತ್ತಾರೆ. ನಾವು ಬಾಳೆಹೂವು ಹೆಚ್ಚಿ ಮಜ್ಜಿಗೆ ನೀರಿಗೆ ಹಾಕುತ್ತೇವಲ್ಲ, ಅದೇ ಕಾರಣ, ಕಪ್ಪಾಗಬಾರದು ಅಂತ. ಅತ್ತೆಯವರಿಗೆ ಇದನ್ನು ತೋರಿಸಿ. ರೋಮ್‌ನ ಹಳೇ ಯಹೂದಿ ಕೇರಿಯಲ್ಲಿ ಇದನ್ನು ಇಡಿಯಾಗಿ ಎಣ್ಣೆಯಲ್ಲಿ ಎರಡು ಸಲ ಕರಿಯುತ್ತಾರೆ, ಎಸಳು ಸೇವಂತಿಗೆಯ ಹಾಗೆ ಅರಳುತ್ತದೆ. ಕಾರ್ಚೊಫಿ ಅಲ್ಲಾ ಜುದಿಯಾ ಎಂದು ಹೆಸರು. ಉಪ್ಪು, ಎಣ್ಣೆ ಬಿಟ್ಟರೆ ಮೊಟ್ಟೆಯಿಲ್ಲ, ಹಿಟ್ಟಿಲ್ಲ. ಅದೇ ಕೇರಿಯ ಕೋಷರ್, ಅಂದರೆ ಯಹೂದಿ ಧರ್ಮದ ನಿಯಮದಂತೆ ಅಡುಗೆ ಮಾಡುವ ಹೋಟೆಲುಗಳಲ್ಲಿ ಹಾಲು ಮತ್ತು ಮಾಂಸವನ್ನು ಒಂದೇ ಅಡುಗೆಮನೆಯಲ್ಲಿ ಬೆರೆಸುವುದಿಲ್ಲ. ಹಾಲಿನ ಅಡುಗೆಯ ಹೋಟೆಲಾದರೆ ಮಾಂಸವೇ ಇರುವುದಿಲ್ಲ, ಮೀನು, ಮೊಟ್ಟೆ ನೋಡಿಕೊಳ್ಳಬೇಕು. ಶುಕ್ರವಾರ ಸಂಜೆಯಿಂದ ಶನಿವಾರ ಸಂಜೆವರೆಗೆ ಮುಚ್ಚಿರುತ್ತವೆ.

ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ: ಸೆನ್ಸಾ ಕಾರ್ನೆ, ಸೆನ್ಸಾ ಪೆಶೆ, ಸೆನ್ಸಾ ಉವೊವಾ. ಮಾಂಸ ಬೇಡ, ಮೀನು ಬೇಡ, ಮೊಟ್ಟೆ ಬೇಡ. ಅವರು ಬೇಜಾರಿಲ್ಲದೆ ಕೇಳಿಸಿಕೊಳ್ಳುತ್ತಾರೆ. ಅಕ್ಕಿ ಬೇಳೆ ಕಾಣದೆ ಬಾಯಿ ಕೆಟ್ಟರೆ ರೋಮ್‌ನ ಟರ್ಮಿನಿ ಸ್ಟೇಷನ್ ಹತ್ತಿರದ ಎಸ್ಕ್ವಿಲೀನೊ ಮಾರುಕಟ್ಟೆಗೆ ಹೋಗಿ, ಬೆಂಡೆಕಾಯಿ, ಹಸಿಮೆಣಸು, ಬೇಳೆ ಎಲ್ಲ ಸಿಗುತ್ತದೆ. ಅವಲಕ್ಕಿ, ಚಟ್ನಿಪುಡಿ ತಗೊಂಡು ಹೋಗಿ, ಸಣ್ಣ ಕೆಟಲ್ ಇರಲಿ, ಅಲ್ಲಿನ ಎಷ್ಟೋ ಹೋಟೆಲ್ ರೂಮುಗಳಲ್ಲಿ ಇರುವುದಿಲ್ಲ. ತುಪ್ಪ, ಪೇಡ, ಹಾಲಿನ ಪುಡಿ, ಕರಿಬೇವು ಬೇಡ. ಹೊರದೇಶದಿಂದ ಹಾಲಿನ ಪದಾರ್ಥ, ಹಸಿ ಸೊಪ್ಪು ತರುವುದಕ್ಕೆ ಯುರೋಪಿನಲ್ಲಿ ಅಡ್ಡಿಯಿದೆ.

ಜೇಬುಗಳ್ಳರು ಇದ್ದಾರೆ, ಆದರೆ ಊರೆಲ್ಲ ಇಲ್ಲ. ಅವರಿಗೆ ಬೇಕಾದದ್ದು ನೂಕಾಟ. ರೋಮ್‌ನಲ್ಲಿ ಟರ್ಮಿನಿ ಸ್ಟೇಷನ್, ಮೆಟ್ರೋ ಬಾಗಿಲು, ವ್ಯಾಟಿಕನ್ ಕಡೆ ಹೋಗುವ 64 ನಂಬರ್ ಬಸ್. ಮೆಟ್ರೋ ಹತ್ತುವ ಒಂದು ಕ್ಷಣ, ನಿಮ್ಮ ಗಮನವೆಲ್ಲ ಅತ್ತೆಯವರ ಕೈ ಹಿಡಿಯುವುದರಲ್ಲಿದ್ದಾಗ, ಹಿಂದಿನಿಂದ ತಳ್ಳುತ್ತಾರೆ. ಅಷ್ಟೇ ಸಾಕು ಅವರಿಗೆ. ಆ ಹೊತ್ತಿಗೆ ನಿಮ್ಮ ಗಂಡ ಕೊನೆಯಲ್ಲಿ ಹತ್ತಲಿ. ಟಿಕೆಟ್ ಯಂತ್ರದ ಹತ್ತಿರ ತಾವಾಗಿ ಸಹಾಯಕ್ಕೆ ಬರುವವರಿಗೆ, ಕೈಗೆ ದಾರ ಕಟ್ಟಲು ಬರುವವರಿಗೆ ಬೇಡ ಎಂದು ಹೇಳಿ ಮುಂದೆ ನಡೆಯಿರಿ. ಹೋಟೆಲ್ ಮೇಜಿನ ಮೇಲೆ ಫೋನ್ ಇಡಬೇಡಿ. ಮೈಮುಟ್ಟಿ ಹೊಡೆದು ಕಸಿಯುವಂಥದ್ದು ಪ್ರವಾಸಿಗಳಿಗೆ ಆಗುವುದು ಅಪರೂಪ. ತುರ್ತಿಗೆ ನಂಬರ್ 112.

ಮುಂಗಡ ಟಿಕೆಟ್ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳಲೇಬೇಕು. ಕೊಲೋಸಿಯಮ್ ಟಿಕೆಟ್ ಬಿಡುವುದು 30 ದಿನ ಮೊದಲು, ಅದೂ ಹೆಸರು ಬರೆದು. ಟಿಕೆಟ್‌ನ ಹೆಸರೂ ಪಾಸ್‌ಪೋರ್ಟ್‌ನ ಹೆಸರೂ ಒಂದೇ ಇರಬೇಕು. ನಮ್ಮಲ್ಲಿ ಇನಿಷಿಯಲ್, ತಂದೆಯ ಹೆಸರು, ಗಂಡನ ಹೆಸರು ಎಂದು ಗೊಂದಲವಾಗುತ್ತದೆ, ಪಾಸ್‌ಪೋರ್ಟ್ ಪಕ್ಕದಲ್ಲಿಟ್ಟುಕೊಂಡೇ ತುಂಬಿ. ಮೊದಲ ದಾರಿ ಹಿಡಿದರೆ ನಿಮಗೆ 22ರ ಸೋಮವಾರ ಕೊಲೋಸಿಯಮ್‌ಗೆ ಸರಿ. ವ್ಯಾಟಿಕನ್ ಮ್ಯೂಸಿಯಂ 23ರ ಮಂಗಳವಾರ ಬೆಳಿಗ್ಗೆ. ಸೇಂಟ್ ಪೀಟರ್ಸ್ ಚರ್ಚಿಗೆ ಟಿಕೆಟ್ ಇಲ್ಲ, ಭುಜ ಮತ್ತು ಮಂಡಿ ಮುಚ್ಚಿರಬೇಕು. ಅದರ ಗುಮ್ಮಟಕ್ಕೆ 551 ಮೆಟ್ಟಿಲು. ಲಿಫ್ಟ್ ಹಿಡಿದರೂ 320 ಉಳಿಯುತ್ತದೆ, ಅತ್ತೆಯವರು ಕೆಳಗೇ ಇರಲಿ. 25ರ ಗುರುವಾರ ಫ್ಲಾರೆನ್ಸ್‌ಗೆ ಹೋಗಿ. ಅಲ್ಲಿನ ಉಫಿಜಿ, ಅಕಾದೆಮಿಯಾ ಎಂಬ ಕಲಾ ಮ್ಯೂಸಿಯಂಗಳು ಎರಡೂ ಸೋಮವಾರ ಮುಚ್ಚುವುದರಿಂದ ಗುರುವಾರ ತೊಂದರೆ ಇಲ್ಲ. ಅಲ್ಲಿ ಒಂದು ಸ್ವಾರಸ್ಯವಿದೆ. 18ನೇ ಶತಮಾನದ ನಡುವಿನವರೆಗೂ ಫ್ಲಾರೆನ್ಸ್‌ನವರಿಗೆ ಹೊಸ ವರ್ಷ ಶುರುವಾಗುತ್ತಿದ್ದದ್ದು ಮಾರ್ಚ್ 25ಕ್ಕೆ, ಜನವರಿ ಒಂದಕ್ಕಲ್ಲ. ನಮ್ಮ ಯುಗಾದಿಯ ಹಾಗೆ ಚಿಗುರಿನ ಕಾಲಕ್ಕೆ. ಇಂದಿಗೂ ಆ ದಿನ ಅನ್ನುನ್ಸಿಯಾತಾ ಚರ್ಚಿಗೆ ಮೆರವಣಿಗೆ ಹೋಗುವ ರೂಢಿ ಇದೆ. ವೆನಿಸ್ 26ಕ್ಕೆ, ಅದೂ ಅತ್ತೆಯವರಿಗೆ ಆದರೆ ಮಾತ್ರ. ಹೆಚ್ಚಿನ ಸೇತುವೆಗಳಿಗೆ ಮೆಟ್ಟಿಲಿದೆ. ದೋಣಿ ಬಸ್ಸಿನಲ್ಲಿ ದೊಡ್ಡ ಕಾಲುವೆಯ ಉದ್ದಕ್ಕೂ ಹೋಗಿ ಬಂದರೂ ಸಾಕು. ಅವರು ಬೇಡ ಎಂದರೆ ಮಗಳೂ ನೀವೂ ಹೋಗಿ ಬನ್ನಿ.

ವೀಸಾಕ್ಕೆ ಪ್ರಯಾಣದ ಆರು ತಿಂಗಳ ಮುಂಚಿನಿಂದ ಅರ್ಜಿ ಹಾಕಬಹುದು, ಅಂದರೆ 2026ರ ಸೆಪ್ಟೆಂಬರ್ ಕೊನೆಯಿಂದ. ದೊಡ್ಡವರಿಗೆ 90 ಯೂರೋ, ಸೇವಾ ಶುಲ್ಕ ಬೇರೆ. ಮಗಳಿಗೆ 12 ದಾಟಿರುವುದರಿಂದ ಅವಳಿಗೂ ಪೂರ್ತಿ. ಕನಿಷ್ಠ 30,000 ಯೂರೋ ವೈದ್ಯಕೀಯ ವಿಮೆ ಬೇಕು. ಅತ್ತೆಯವರ ಮಂಡಿ, ಬಿಪಿ, ಶುಗರ್ ಏನಿದ್ದರೂ ವಿಮೆಯಲ್ಲಿ ಮುಚ್ಚಿಡಬೇಡಿ. ಡಿಸೆಂಬರ್ ಒಳಗೆ ಅರ್ಜಿ ಕೊಟ್ಟರೆ ನಿಶ್ಚಿಂತೆ. ವೀಸಾ ಕೈಗೆ ಬರುವವರೆಗೆ ರದ್ದು ಮಾಡಬಹುದಾದ ಹೋಟೆಲನ್ನೇ ಹಿಡಿಯಿರಿ. ಬಂದಿಳಿದ ದಿನ ಬೇರೆ ರೈಲು, ಬೇರೆ ಟಿಕೆಟ್ ಏನೂ ಇಟ್ಟುಕೊಳ್ಳಬೇಡಿ. ಯುರೋಪಿನ ಗಡಿಯಲ್ಲಿ ಈಗ ಪಾಸ್‌ಪೋರ್ಟ್‌ಗೆ ಮುದ್ರೆ ಒತ್ತುವ ಬದಲು ಫೋಟೋ ತೆಗೆದು ಕಂಪ್ಯೂಟರ್‌ನಲ್ಲಿ ದಾಖಲಿಸುತ್ತಾರೆ, ಮೊದಲ ಸಲಕ್ಕೆ ಹೊತ್ತಾಗುತ್ತದೆ. ಫ್ಯೂಮಿಚೀನೊ ವಿಮಾನ ನಿಲ್ದಾಣದಿಂದ ರೋಮ್‌ನ ಹಳೇ ಕೋಟೆ ಗೋಡೆಯೊಳಗಿನ ಯಾವ ಹೋಟೆಲಿಗಾದರೂ ನಗರಸಭೆಯ ಬಿಳಿ ಟ್ಯಾಕ್ಸಿಗೆ ನಿಗದಿತ ದರವಿದೆ, ನಾಲ್ಕು ಜನರಿಗೂ ಸಾಮಾನಿಗೂ ಸೇರಿ 55 ಯೂರೋ. ನಿಮ್ಮಂಥ ನಾಲ್ವರಿಗೆ ರೈಲಿಗಿಂತ ಅದೇ ಸರಿ. ಹತ್ತುವ ಮುಂಚೆ ಒಂದು ಸಲ ದರ ಕೇಳಿ ಖಚಿತ ಮಾಡಿಕೊಂಡು ಅತ್ತೆಯವರನ್ನು ಮುಂದಿನ ಸೀಟಿನಲ್ಲಿ ಕೂರಿಸಿ. ದಾರಿಯಲ್ಲಿ ಎಡಬಲಕ್ಕೆ ಕೊಡೆಯ ಹಾಗೆ ನಿಂತ ಪೈನ್ ಮರಗಳು ಅವರಿಗೆ ಚೆನ್ನಾಗಿ ಕಾಣುತ್ತವೆ.